ನ್ಯೂಯಾರ್ಕ್‌ಗೆ 34ರ ಮೇಯರ್: ಹೇಳಿದ್ದರಲ್ಲಿ ಅವರ ಕೈಲಾಗುವುದು ಎಷ್ಟು?

ಪ್ರಶ್ನೆ: ಗಾಂಧಿಬಜಾರ್_ವಿದ್ಯಾ

ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ಮದುವೆಯಾಗಿ ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿದ್ದಾಳೆ. ಫೋನ್ ಮಾಡಿದಾಗಲೆಲ್ಲ ಚಳಿ, ಅಡುಗೆ ಮುಗಿದ ಮೇಲೆ ಮಾತು ಅಲ್ಲಿನ ಹೊಸ ಮೇಯರ್ ಜೊಹ್ರಾನ್ ಮಮ್ದಾನಿ ಕಡೆ ತಿರುಗುತ್ತದೆ. 2026ರ ಜನವರಿ 1ರ ನಡುರಾತ್ರಿ ಅವರು ಹಳೇ ಸಿಟಿ ಹಾಲ್ ಸಬ್‌ವೇ ಸ್ಟೇಷನ್‌ನಲ್ಲಿ ಪ್ರಮಾಣವಚನ ತೆಗೆದುಕೊಂಡ ವಿಡಿಯೋ ಕಳಿಸಿದ್ದಳು. 1945ರಲ್ಲೇ ಮುಚ್ಚಿದ ಸ್ಟೇಷನ್ ಅಂತೆ, ಕಮಾನು ಚಾವಣಿ ಎಷ್ಟು ಚೆನ್ನಾಗಿದೆ ಅಂದರೆ ನಾನು ಎರಡು ಸಲ ನೋಡಿದೆ.

ಈಗ ನನ್ನ ಪ್ರಶ್ನೆ. ಇವರು ಇದಕ್ಕೆ ಮೊದಲು ಏನು ಮಾಡುತ್ತಿದ್ದರು? ಸುಮ್ನೆ ವಿಡಿಯೋ ಮಾಡಿ ಗೆದ್ದರು ಅನ್ನುತ್ತಾರಲ್ಲ, ಅದು ನಿಜವಾ? ಬಾಡಿಗೆ ಏರಿಸಲ್ಲ, ಬಸ್ ಫ್ರೀ, ಚಿಕ್ಕ ಮಕ್ಕಳನ್ನು ನೋಡಿಕೊಳ್ಳುವುದೂ ಫ್ರೀ ಅಂದಿದ್ದಾರೆ. ಒಬ್ಬ ಮೇಯರ್‌ಗೆ ಇಷ್ಟೆಲ್ಲ ಅಧಿಕಾರ ಇರುತ್ತದಾ? ನಾನು ನೋಡಿದ ಬೆಂಗಳೂರಿನ ಮೇಯರ್‌ಗಳು ಗೌನು ಹಾಕಿಕೊಂಡು ಒಂದು ವರ್ಷ ಕೂತು ಇಳಿದವರು, ಅದಕ್ಕೇ ಕೇಳುತ್ತಿದ್ದೇನೆ. ಅಲ್ಲೇ ಇರುವವರು ಹೇಳಿದರೆ ಒಳ್ಳೇದು.

ಉತ್ತರ: ಜಾಕ್ಸನ್‌ಹೈಟ್ಸ್_ಮಂಜು

ವಿದ್ಯಾ ಅವರೇ, ವಿಡಿಯೋದಿಂದ ಗೆದ್ದರು ಅನ್ನುವುದು ಅರ್ಧ ನಿಜ. ನಾನು ಈ ಊರಿಗೆ ಬಂದು 18 ವರ್ಷ ಆಯಿತು. ಅವರ ಹೆಸರು ನಾನು ಮೊದಲು ಕೇಳಿದ್ದು ಟ್ಯಾಕ್ಸಿಯವರ ಬಾಯಲ್ಲಿ, ಅದೂ ಈ ಚುನಾವಣೆಗೆ ನಾಲ್ಕು ವರ್ಷ ಮುಂಚೆ.

ಮನೆತನದ ವಿಷಯ ಬೇಗ ಹೇಳಿಬಿಡುತ್ತೇನೆ. ಹುಟ್ಟಿದ್ದು 1991ರಲ್ಲಿ, ಉಗಾಂಡಾದ ಕಂಪಾಲಾದಲ್ಲಿ. ತಾಯಿ ಸಿನಿಮಾ ನಿರ್ದೇಶಕಿ ಮೀರಾ ನಾಯರ್, ತಂದೆ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರೊಫೆಸರ್ ಮಹಮೂದ್ ಮಮ್ದಾನಿ. ಏಳು ವರ್ಷದವರಿದ್ದಾಗ ಇಲ್ಲಿಗೆ ಬಂದರು. ಕಾಲೇಜು ಮುಗಿದ ಮೇಲೆ ಸ್ವಲ್ಪ ಕಾಲ ರ‍್ಯಾಪ್ ಹಾಡಿದ್ದೂ ಉಂಟು. ಆಮೇಲೆ ಕ್ವೀನ್ಸ್‌ನಲ್ಲಿ, ಸಾಲದ ಕಂತು ಕಟ್ಟಲಾಗದೆ ಮನೆ ಬ್ಯಾಂಕಿನ ಪಾಲಾಗುತ್ತಿದ್ದವರಿಗೆ ದಾರಿ ತೋರಿಸುವ ಕೆಲಸ. 2018ರಲ್ಲಿ ಅಮೆರಿಕದ ಪೌರತ್ವ ಸಿಕ್ಕಿತು, 2020ರಲ್ಲಿ ಕ್ವೀನ್ಸ್‌ನ ಆಸ್ಟೋರಿಯಾದಿಂದ ಗೆದ್ದು ರಾಜ್ಯದ ಅಸೆಂಬ್ಲಿಗೆ ಹೋದರು.

ಈಗ ಟ್ಯಾಕ್ಸಿ ವಿಷಯ. ಇಲ್ಲಿ ಹಳದಿ ಟ್ಯಾಕ್ಸಿ ಓಡಿಸಲು ಮೆಡಾಲಿಯನ್ ಅಂತ ಒಂದು ಪರ್ಮಿಟ್ ಬೇಕು. 2014ರ ಹೊತ್ತಿಗೆ ಅದರ ಬೆಲೆ 10 ಲಕ್ಷ ಡಾಲರ್ ಮುಟ್ಟಿತ್ತು. ಪಂಜಾಬಿಗಳು, ಬಾಂಗ್ಲಾದೇಶದವರು, ಹೈಟಿಯವರು ಸಾಲ ಮಾಡಿ ಕೊಂಡರು, ಇದೇ ನಮ್ಮ ಪಿಂಚಣಿ ಅಂದುಕೊಂಡು. ಊಬರ್ ಬಂತು, ಮೆಡಾಲಿಯನ್ ಬೆಲೆ ನೆಲ ಕಚ್ಚಿತು, ಸಾಲ ಮಾತ್ರ ಹಾಗೇ ಉಳಿಯಿತು. 2018ರಲ್ಲಿ ಒಬ್ಬರ ಹಿಂದೆ ಒಬ್ಬರು ಡ್ರೈವರ್‌ಗಳು ಆತ್ಮಹತ್ಯೆ ಮಾಡಿಕೊಂಡರು. 2021ರಲ್ಲಿ ಸಿಟಿ ಹಾಲ್ ಹತ್ತಿರ ಡ್ರೈವರ್‌ಗಳು ಉಪವಾಸ ಕೂತಾಗ ಮಮ್ದಾನಿ ಅವರ ಜೊತೆ 15 ದಿನ ಊಟ ಬಿಟ್ಟು ಕೂತರು. ಕೊನೆಗೆ ಸಿಟಿಯೇ ಜಾಮೀನು ನಿಂತು, ತುಂಬಾ ಜನರ ಸಾಲ 1,70,000 ಡಾಲರ್‌ಗೆ ಇಳಿಯಿತು, ತಿಂಗಳ ಕಂತು 1,122 ಡಾಲರ್ ದಾಟುವ ಹಾಗಿಲ್ಲ ಅಂತಾಯಿತು. ನಮ್ಮ ಕೆಳಗಿನ ಮನೆಯವರು ಬಾಂಗ್ಲಾದೇಶದ ಸಿಲ್ಹೆಟ್ ಕಡೆಯವರು, ಆ ಸಾಲ ತಲೆ ಮೇಲೆ ಹೊತ್ತಿದ್ದವರು. 1,122 ಅಂತ ಬರೆದ ಚೀಟಿ ಅವರ ಫ್ರಿಜ್ ಬಾಗಿಲ ಮೇಲೆ ಇವತ್ತಿಗೂ ಇದೆ. ಆ ಮನೆಯಲ್ಲಿ ಮತ ಯಾರಿಗೆ ಬಿತ್ತು ಅಂತ ಕೇಳಬೇಕಾಗಿಲ್ಲ.

ವಿಡಿಯೋಗಳ ಬಗ್ಗೆಯೂ ಒಂದು ಮಾತು. 2024ರ ನವೆಂಬರ್‌ನಲ್ಲಿ ಟ್ರಂಪ್ ಗೆದ್ದ ಮೇಲೆ ಅವರು ಮೈಕ್ ಹಿಡಿದು ಬ್ರಾಂಕ್ಸ್‌ನ ಫೋರ್ಡಮ್ ರೋಡಿಗೆ, ಕ್ವೀನ್ಸ್‌ನ ಹಿಲ್‌ಸೈಡ್ ಅವೆನ್ಯೂಗೆ ಹೋದರು. ಯಾರಿಗೆ ಮತ ಹಾಕಿದಿರಿ, ಯಾಕೆ ಹಾಕಿದಿರಿ ಅಂತ ಕೇಳಿದರು. ಟ್ರಂಪ್‌ಗೆ ಹಾಕಿದೆ ಅಂದವರ ಮಾತನ್ನೂ ವಾದ ಮಾಡದೆ ಕೇಳಿಸಿಕೊಂಡರು. ಬಾಡಿಗೆ, ದಿನಸಿ, ಬಸ್ ಅಂತ ಜನ ಹೇಳಿದರು. ಅವರ ಪ್ರಣಾಳಿಕೆಯಲ್ಲಿ ಇರುವುದೂ ಅದೇ. ಆಮೇಲಿನ ಸಮೀಕ್ಷೆಗಳಲ್ಲಿ ಶೇ. 1ರ ಹತ್ತಿರ ಇದ್ದವರು 2025ರ ಜೂನ್‌ನಲ್ಲಿ ಡೆಮಾಕ್ರಟಿಕ್ ಪಕ್ಷದೊಳಗಿನ ಚುನಾವಣೆಯಲ್ಲಿ ಮಾಜಿ ಗವರ್ನರ್ (ಇಲ್ಲಿ ಗವರ್ನರ್ ಅಂದರೆ ನಮ್ಮ ಮುಖ್ಯಮಂತ್ರಿ ಇದ್ದ ಹಾಗೆ) ಕುವೊಮೊ ಅವರನ್ನು ಸೋಲಿಸಿದರು, ಪಕ್ಷ ಬಿಟ್ಟು ಸ್ವತಂತ್ರವಾಗಿ ನಿಂತ ಅವರನ್ನೇ ನವೆಂಬರ್ 4ರ ಮೇಯರ್ ಚುನಾವಣೆಯಲ್ಲಿ ಇನ್ನೊಮ್ಮೆ ಸೋಲಿಸಿದರು. 20 ಲಕ್ಷಕ್ಕೂ ಜಾಸ್ತಿ ಜನ ಮತ ಹಾಕಿದರು. ಮೇಯರ್ ಚುನಾವಣೆಗೆ ಅಷ್ಟು ಜನ ಬಂದಿದ್ದು 1969ರ ನಂತರ ಇದೇ ಮೊದಲು.

ಉತ್ತರ: ಲೆಕ್ಕದ_ಶ್ರೀಧರ

ಮಂಜು ಅವರು ಹೇಳಿದ್ದು ಸರಿ. ಆದರೆ ನಾನು ಸ್ವಲ್ಪ ಬೇರೆ ಕಡೆಯಿಂದ ನೋಡುತ್ತೇನೆ. ಬ್ರಾಂಕ್ಸ್‌ನಲ್ಲಿ ಸಣ್ಣ ಸಣ್ಣ ಕಟ್ಟಡ ಇಟ್ಟುಕೊಂಡವರ ಲೆಕ್ಕಪತ್ರ ನೋಡುವುದು ನನ್ನ ಕೆಲಸ.

ಮೇಯರ್ ಕೈಯಲ್ಲಿ ಏನಿದೆ ಅಂತ ಕೇಳಿದ್ದೀರಿ. ಬಾಡಿಗೆ ಹೆಚ್ಚುಕಮ್ಮಿ ಇದೆ. ನ್ಯೂಯಾರ್ಕ್‌ನಲ್ಲಿ ಸುಮಾರು 10 ಲಕ್ಷ ಮನೆಗಳು ಬಾಡಿಗೆ ನಿಯಂತ್ರಣದ ಕೆಳಗೆ ಬರುತ್ತವೆ. ಅವುಗಳಿಗೆ ವರ್ಷಕ್ಕೆ ಎಷ್ಟು ಏರಿಸಬಹುದು ಅಂತ ಹೇಳುವುದು ಒಂಬತ್ತು ಜನರ ಒಂದು ಮಂಡಳಿ. ಒಂಬತ್ತೂ ಜನರನ್ನು ನೇಮಿಸುವುದು ಮೇಯರ್. ಆದರೆ ಎಲ್ಲರ ಅವಧಿಯೂ ಒಟ್ಟಿಗೆ ಮುಗಿಯುವುದಿಲ್ಲ, ಹಾಗಾಗಿ ಬಂದ ದಿನವೇ ಎಲ್ಲರನ್ನೂ ಬದಲಾಯಿಸಲು ಆಗಲ್ಲ. ಪ್ರತಿ ಜೂನ್‌ನಲ್ಲಿ ಮಂಡಳಿ ಮತ ಹಾಕುತ್ತದೆ, ಅಕ್ಟೋಬರ್ 1ರಿಂದ ಶುರುವಾಗುವ ಕರಾರುಗಳಿಗೆ ಆ ದರ. ಡಿ ಬ್ಲಾಸಿಯೊ ಮೇಯರ್ ಆಗಿದ್ದಾಗ ಮೂರು ಸಲ ಒಂದು ವರ್ಷದ ಕರಾರಿಗೆ ಸೊನ್ನೆ ಏರಿಕೆ ಮಾಡಿದ್ದಾರೆ, 2015, 2016 ಮತ್ತು 2020ರಲ್ಲಿ. ಅಂದರೆ ಇದು ಆಗದ ಮಾತೇನಲ್ಲ. ಮಮ್ದಾನಿ ನಾಲ್ಕು ವರ್ಷವೂ ಸೊನ್ನೆ ಅನ್ನುತ್ತಿದ್ದಾರೆ, ಅದು ಹೊಸದು.

ನನಗೆ ಚಿಂತೆ ಇರುವುದು ಇಲ್ಲೇ. ಒಬ್ಬ ಗ್ರಾಹಕರ ಕಟ್ಟಡ 1920ರ ದಶಕದ್ದು, 20 ಮನೆ. ಹೋದ ಚಳಿಗಾಲ ಬಾಯ್ಲರ್ ಕೈಕೊಟ್ಟಿತು. ಹೊಸದು ಹಾಕಿಸಿದ ಬಿಲ್ಲು ನನ್ನ ಮೇಜಿನ ಮೇಲೇ ಇತ್ತು, ಪಕ್ಕದಲ್ಲಿ ವಿಮೆಯ ಕಾಗದ, ಆಸ್ತಿ ತೆರಿಗೆಯ ಕಾಗದ. ಮೂರೂ ಹೋದ ವರ್ಷಕ್ಕಿಂತ ಜಾಸ್ತಿ. 2019ರಲ್ಲಿ ರಾಜ್ಯದ ಹೊಸ ಬಾಡಿಗೆ ಕಾನೂನು ಬಂದ ಮೇಲೆ ರಿಪೇರಿ ಮಾಡಿಸಿದೆ ಅಂತ ಬಾಡಿಗೆ ಏರಿಸುವುದಕ್ಕೂ ತುಂಬಾ ಮಿತಿ ಇದೆ. ದೊಡ್ಡ ಕಂಪನಿಗಳು ತಡೆದುಕೊಳ್ಳುತ್ತವೆ. ಇಂಥವರು ರಿಪೇರಿ ಮುಂದೂಡುತ್ತಾರೆ, ಆಗ ನಡುಗುವುದು ಬಾಡಿಗೆಯವರೇ. ಬಾಡಿಗೆ ನಿಲ್ಲಿಸುವುದಾದರೆ ಆಸ್ತಿ ತೆರಿಗೆ, ವಿಮೆ ಇವುಗಳ ಬಗ್ಗೆಯೂ ಅದೇ ಹೊತ್ತಿಗೆ ಏನಾದರೂ ಮಾಡಲೇಬೇಕು.

ಇನ್ನೊಂದು, ಅನುಭವ. ಅಸೆಂಬ್ಲಿಯ ಒಂದು ಸಣ್ಣ ಕಚೇರಿ ನಡೆಸಿದವರು ಈಗ ಸುಮಾರು 3 ಲಕ್ಷ ನೌಕರರಿರುವ ಆಡಳಿತ ನಡೆಸಬೇಕು. ಪೊಲೀಸ್ ಕಮಿಷನರ್ ಜೆಸಿಕಾ ಟಿಶ್ ಅವರನ್ನೇ ಮುಂದುವರಿಸಿದ್ದು ನನಗೆ ಸಮಾಧಾನ ತಂದ ವಿಷಯ. ಹಿಂದೆ ಪೊಲೀಸರ ಬಗ್ಗೆ ಕಟುವಾಗಿ ಬರೆದಿದ್ದಕ್ಕೆ ಕ್ಷಮೆಯನ್ನೂ ಕೇಳಿದ್ದಾರೆ.

ಉತ್ತರ: ಹಾಸನದ_ಸುಧಾ

ಬಸ್ ಬಗ್ಗೆ ನಾನು ಹೇಳುತ್ತೇನೆ, ಯಾಕಂದರೆ ನನ್ನ ದಿನ ಕಳೆಯುವುದೇ ಬಸ್ಸಿನಲ್ಲಿ. ಕ್ವೀನ್ಸ್‌ನ ಜಮೈಕಾ ಬಡಾವಣೆಯ ಹತ್ತಿರ ನಮ್ಮ ಮನೆ, ವಯಸ್ಸಾದವರನ್ನು ಮನೆಗೆ ಹೋಗಿ ನೋಡಿಕೊಳ್ಳುವ ಕೆಲಸ.

2023ರ ಸೆಪ್ಟೆಂಬರ್‌ನಿಂದ ಸುಮಾರು ಒಂದು ವರ್ಷ, ಈ ಊರಿನ ಐದು ಬರೋಗಳಲ್ಲಿ (ಕ್ವೀನ್ಸ್, ಬ್ರಾಂಕ್ಸ್‌ನಂಥ ದೊಡ್ಡ ಭಾಗಗಳು) ಒಂದೊಂದು ಮಾರ್ಗದಲ್ಲಿ ಬಸ್ ಫ್ರೀ ಇತ್ತು. ಅಸೆಂಬ್ಲಿಯಲ್ಲಿ ಅದಕ್ಕಾಗಿ ಓಡಾಡಿದವರಲ್ಲಿ ಮಮ್ದಾನಿ ಒಬ್ಬರು. ಕ್ವೀನ್ಸ್‌ನಲ್ಲಿ ಅದು ಕ್ಯೂ4, ನನ್ನದೇ ಬಸ್. ದುಡ್ಡು ಹಾಕುವ ಡಬ್ಬಿಯ ಬಾಯಿ ಮುಚ್ಚಿತ್ತು. ಮುಂಚೆ ಹತ್ತುವವರು ಡಬ್ಬಿ ಮುಂದೆ ನಿಂತು ಚಿಲ್ಲರೆ ಹುಡುಕುವುದು, ಡ್ರೈವರ್ ಗದರುವುದು, ಹಿಂದಿನವರು ಗೊಣಗುವುದು ದಿನಾ ಇತ್ತು. ಆ ವರ್ಷ ಅದು ನಿಂತಿತು. ಚಳಿಯಲ್ಲಿ ನಾಲ್ಕು ಸ್ಟಾಪ್ ನಡೆಯುತ್ತಿದ್ದ ಅಜ್ಜಿಯರು ಹತ್ತಿ ಕೂತರು. ಆ ಮಾರ್ಗಗಳಲ್ಲಿ ವಾರದ ದಿನಗಳ ಪ್ರಯಾಣ ಸುಮಾರು ಶೇ. 30 ಜಾಸ್ತಿ ಆಯಿತು. ಹೊಸಬರಿಗಿಂತ, ಮುಂಚೆ ಹತ್ತುತ್ತಿದ್ದವರೇ ಇನ್ನೂ ಜಾಸ್ತಿ ಸಲ ಹತ್ತಿದ್ದರಿಂದ ಅದು ಏರಿದ್ದು. ಆಮೇಲೆ ನಿಂತುಹೋಯಿತು. 2026ರ ಜನವರಿ 4ರಿಂದ ಟಿಕೆಟ್ 3 ಡಾಲರ್.

ನಮ್ಮ ಶಕ್ತಿ ಯೋಜನೆ ನೆನಪಾಗುತ್ತದೆ ಅಲ್ವಾ? 2023ರ ಜೂನ್ 11ರಂದು ಶುರುವಾಯಿತು. ನಮ್ಮಮ್ಮ ಅದಕ್ಕೆ ಮೊದಲು ವರ್ಷಕ್ಕೆ ಒಂದು ಸಲ ಧರ್ಮಸ್ಥಳಕ್ಕೆ ಹೋಗುತ್ತಿದ್ದರು. ಈಗ ಆಧಾರ್ ಕಾರ್ಡ್ ಪರ್ಸಿನಲ್ಲಿ ಇಟ್ಟುಕೊಂಡು, ಬೇಕು ಅನಿಸಿದಾಗ ಅಕ್ಕನ ಮನೆಗೆ ಅರಸೀಕೆರೆಗೆ ಹೋಗಿ ಸಂಜೆ ವಾಪಸ್ ಬರುತ್ತಾರೆ. ಅಣ್ಣನ ಹತ್ತಿರ ಬಸ್‌ಚಾರ್ಜ್ ಕೇಳಬೇಕಾಗಿಲ್ಲ. ಆದರೆ ವ್ಯತ್ಯಾಸ ನೋಡಿ. ಅಲ್ಲಿ ಶಕ್ತಿ ತಂದಿದ್ದು ರಾಜ್ಯ ಸರ್ಕಾರ, ಬಸ್ಸೂ ರಾಜ್ಯದ್ದು, ದುಡ್ಡು ತುಂಬಿಕೊಡುವುದೂ ರಾಜ್ಯ. ಇಲ್ಲಿ ಬಸ್ ಓಡಿಸುವ ಎಂಟಿಎ ರಾಜ್ಯದ ಸಂಸ್ಥೆ, ಮೇಯರ್ ಅದರ ಬೋರ್ಡಿಗೆ ನಾಲ್ಕು ಹೆಸರು ಕೊಡಬಹುದು ಅಷ್ಟೆ. ವರ್ಷಕ್ಕೆ 70 ಕೋಟಿ ಡಾಲರ್ ಆಸುಪಾಸು ಬೇಕು ಅಂತ ಅವರ ಲೆಕ್ಕ. ವರ್ಷಕ್ಕೆ 10 ಲಕ್ಷ ಡಾಲರ್‌ಗಿಂತ ಜಾಸ್ತಿ ದುಡಿಯುವವರ ಮೇಲೆ ಇನ್ನೂ ಶೇ. 2 ತೆರಿಗೆ ಹಾಕುತ್ತೇನೆ ಅನ್ನುತ್ತಾರೆ, ಅದಕ್ಕೂ ರಾಜ್ಯದ ರಾಜಧಾನಿ ಆಲ್ಬನಿಯ ಒಪ್ಪಿಗೆ ಬೇಕು. ಗವರ್ನರ್ ಹೋಕಲ್ ಆದಾಯ ತೆರಿಗೆ ಏರಿಸಲು ಮನಸ್ಸು ಮಾಡಿಲ್ಲ. ಫ್ರೀ ಬಸ್ಸಿನ ಬೀಗದ ಕೈ ಮೇಯರ್ ಹತ್ತಿರ ಇಲ್ಲ. ನನಗೆ ಬೇಜಾರಿನ ವಿಷಯ, ಆದರೆ ಇದ್ದಿದ್ದು ಹೇಳಬೇಕಲ್ಲ.

ಮರುಮಾತು: ಗಾಂಧಿಬಜಾರ್_ವಿದ್ಯಾ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಸುಧಾ ಅವರೇ, ನಿಮ್ಮಮ್ಮನ ವಿಷಯ ಓದಿ ಖುಷಿಯಾಯಿತು. ಮಕ್ಕಳ ವಿಷಯ ಯಾರೂ ಹೇಳಲಿಲ್ಲ. ನಿಜ ಹೇಳಬೇಕೆಂದರೆ ನಾನು ಕೇಳಿದ್ದೇ ಅದಕ್ಕೆ. ತಂಗಿಗೆ ಈಗ ನಾಲ್ಕು ತಿಂಗಳು. ಕೆಲಸ ಬಿಡಬೇಕಾ ಬೇಡವಾ ಅಂತ ದಿನಾ ಯೋಚನೆ.

ಉತ್ತರ: ಜಯನಗರ_ಸೈಕಲ್

ಮಕ್ಕಳ ವಿಷಯ ಅಲ್ಲಿನವರು ಹೇಳಲಿ, ನಾನು ಬೆಂಗಳೂರಿಂದ ಒಂದು ಮಾತು. ಜನವರಿ ಮೊದಲ ವಾರದಲ್ಲಿ ವಿಲಿಯಮ್ಸ್‌ಬರ್ಗ್ ಸೇತುವೆಯ ಸೈಕಲ್ ದಾರಿ ಮ್ಯಾನ್‌ಹಟನ್ ಕಡೆ ಇಳಿಯುವಲ್ಲಿ ಇದ್ದ ಒಂದು ಉಬ್ಬನ್ನು ಸರಿಪಡಿಸಿದರು. ಸೈಕಲ್‌ನವರು ವರ್ಷಗಟ್ಟಲೆ ದೂರು ಕೊಟ್ಟು ಸುಸ್ತಾಗಿದ್ದ ಉಬ್ಬು. ಮೇಯರ್ ತಾವೇ ಸಲಿಕೆ ಹಿಡಿದು ಡಾಂಬರು ಹಾಕಿದರು. ಪ್ರಚಾರ ಅನ್ನಬಹುದು. ಆದರೆ ಉಬ್ಬು ಹೋಗಿದ್ದು ನಿಜ.

ನಮ್ಮ ರಸ್ತೆಯ ಗುಂಡಿಗೆ ನಾನು ಯಾರನ್ನು ಕೇಳಲಿ? ಬಿಬಿಎಂಪಿಯ ಚುನಾಯಿತ ಕೌನ್ಸಿಲ್ ಅವಧಿ ಮುಗಿದಿದ್ದು 2020ರ ಸೆಪ್ಟೆಂಬರ್‌ನಲ್ಲಿ. ಆಮೇಲೆ ಐದು ವರ್ಷಕ್ಕೂ ಜಾಸ್ತಿ ಕಾಲ ಈ ಊರು ಕಾರ್ಪೊರೇಟರ್ ಇಲ್ಲದೆ, ಮೇಯರ್ ಇಲ್ಲದೆ ನಡೆದಿದೆ. 2025ರ ಸೆಪ್ಟೆಂಬರ್‌ನಲ್ಲಿ ಒಂದಿದ್ದ ಪಾಲಿಕೆ ಐದಾಯಿತು. ಹೊಸ ಕಾನೂನಿನಲ್ಲಿ ಮೇಯರ್ ಅವಧಿ ಒಂದು ವರ್ಷದಿಂದ ಎರಡೂವರೆ ವರ್ಷಕ್ಕೆ ಏರಿದೆ, ಅದು ಒಳ್ಳೆಯದೇ. ಆದರೂ ಜನ ನೇರವಾಗಿ ಆರಿಸುವುದಿಲ್ಲ. ನ್ಯೂಯಾರ್ಕ್‌ನಲ್ಲಿ ಒಬ್ಬರ ಹೆಸರಿಗೆ 10 ಲಕ್ಷಕ್ಕೂ ಜಾಸ್ತಿ ಮತ ಬಿದ್ದಿದೆ. ಗವರ್ನರ್ ಎದುರು ಕೂತು ದುಡ್ಡು ಕೇಳುವಾಗ ಅದು ಬೆನ್ನಿಗಿರುತ್ತದೆ. ನನಗೆ ಹೊಟ್ಟೆ ಉರಿಯುವುದು ಅಲ್ಲಿನ ಫ್ರೀ ಬಸ್ಸಿಗಲ್ಲ, ಇದಕ್ಕೆ.

ಉತ್ತರ: ಹಾಸನದ_ಸುಧಾ

ವಿದ್ಯಾ ಅವರೇ, ತಂಗಿಗೆ ಶುಭಾಶಯ ಹೇಳಿ. ಇಲ್ಲಿ ನನ್ನ ಮಗಳಿಗೆ ಎರಡು ವರ್ಷ. ಡೇಕೇರ್‌ಗೆ ತಿಂಗಳಿಗೆ 2,000 ಡಾಲರ್ ಮೇಲೆ ಕಟ್ಟುತ್ತೇನೆ, ಕೆಲವು ತಿಂಗಳು ನನ್ನ ಸಂಬಳದಲ್ಲಿ ಮುಕ್ಕಾಲು ಪಾಲು ಅದಕ್ಕೇ ಹೋಗುತ್ತದೆ.

ಮೂರು ಭರವಸೆಯಲ್ಲಿ ಬೇಗ ಚಾಲನೆ ಸಿಕ್ಕಿದ್ದು ಇದಕ್ಕೇ. ಜನವರಿ 8ರಂದು ಹೋಕಲ್ ಮತ್ತು ಮಮ್ದಾನಿ ಬ್ರೂಕ್ಲಿನ್‌ನಲ್ಲಿ ಒಟ್ಟಿಗೆ ನಿಂತು, ಎರಡು ವರ್ಷದ ಮಕ್ಕಳಿಗೆ ಫ್ರೀ ಡೇಕೇರ್ ಶುರು ಮಾಡುತ್ತೇವೆ ಅಂದರು. ನಾಲ್ಕು ವರ್ಷದವರಿಗೆ 2014ರಿಂದ ಫ್ರೀ ಇದೆ, ಮೂರರವರಿಗೂ ಸುಮಾರು ಕಡೆ ಸಿಗುತ್ತದೆ. ಮೊದಲ ಎರಡು ವರ್ಷದ ಖರ್ಚು ರಾಜ್ಯದ್ದು. ಒಮ್ಮೆಲೇ ಎಲ್ಲ ಕಡೆ ಅಲ್ಲ, ಮೊದಲು ಕೆಲವೇ ಬಡಾವಣೆಗಳಲ್ಲಿ.

ಈಗ ಲೆಕ್ಕ ಹಾಕಿ. ಮಗು 2026ರಲ್ಲಿ ಹುಟ್ಟುತ್ತದೆ, ಎರಡು ತುಂಬುವುದು 2028ರಲ್ಲಿ. ರಾಜ್ಯ ಕೊಡುತ್ತೇನೆ ಅಂದ ಎರಡು ವರ್ಷ ಮುಗಿಯುವುದೂ ಸರಿಯಾಗಿ ಅದೇ ಹೊತ್ತಿಗೆ. ಆರು ವಾರದ ಮಗುವಿನಿಂದಲೇ ಫ್ರೀ ಅಂದಿದ್ದಾರೆ, ಅದಕ್ಕೆ ದುಡ್ಡು ಎಲ್ಲಿಂದ ಅಂತ ಗೊತ್ತಾಗಬೇಕು. ಅದಕ್ಕೇ ತಂಗಿಗೆ ಕೆಲಸ ಬಿಡಬೇಡ ಅನ್ನಿ, ಎರಡು ವರ್ಷದ ದುಡ್ಡು ಮಾತ್ರ ಈಗಿಂದಲೇ ಎತ್ತಿಡಲಿ. ಜಮೈಕಾ ಕಡೆ ಮನೆಯಲ್ಲೇ ನಾಲ್ಕೈದು ಮಕ್ಕಳನ್ನು ನೋಡಿಕೊಳ್ಳುವ, ಲೈಸೆನ್ಸ್ ಇರುವ ಗುಜರಾತಿ ಆಂಟಿಯೊಬ್ಬರು ನನಗೆ ಗೊತ್ತು, ದೊಡ್ಡ ಡೇಕೇರ್‌ಗಿಂತ ಕಡಿಮೆ ತೆಗೆದುಕೊಳ್ಳುತ್ತಾರೆ. ಮೆಸೇಜ್ ಮಾಡಿ, ತಂಗಿಯನ್ನು ನಾನೇ ಕರೆದುಕೊಂಡು ಹೋಗಿ ಪರಿಚಯ ಮಾಡಿಸುತ್ತೇನೆ.