ಸಹಾಯ ಬೇಕು: ಅಮ್ಮನ ಕಾಲಿನ ಸ್ಟೀಲ್ ಪ್ಲೇಟ್ ತೆಗೆಸಬೇಕಾ?

ಎಲ್ಲರಿಗೂ ನಮಸ್ಕಾರ. ನಾವು ಮಂಡ್ಯದ ಕಡೆಯವರು. ಹೋದ ವರ್ಷ ಅಮ್ಮ ಗದ್ದೆ ಬದುವಿನಲ್ಲಿ ಜಾರಿ ಬಿದ್ದು ಮೊಣಕಾಲಿನ ಕೆಳಗೆ ಮೂಳೆ ಮುರಿಯಿತು, ಆಪರೇಷನ್ ಮಾಡಿ ಪ್ಲೇಟ್ ಹಾಕಿದರು. ಮೂಳೆ ಕೂಡಿದೆ, ಓಡಾಡುತ್ತಾರೆ, ಬೇಡ ಅಂದರೂ ಹಾಲು ಕರೆಯೋಕೆ ಕೂರುತ್ತಾರೆ. ಆದರೆ ಮೂರು ತಿಂಗಳಿಂದ ಪ್ಲೇಟ್ ಇರುವ ಜಾಗದ ಮೇಲೆ ಕೆಂಪು ದದ್ದು, ರಾತ್ರಿ ಜಾಸ್ತಿ ತುರಿಕೆ. ತೋರಿಸಿದೆವು, ಸೋಂಕಿಲ್ಲ ಅಂತ ಮುಲಾಮು ಕೊಟ್ಟು ಕಳಿಸಿದರು.

ಚೀಟಿಯಲ್ಲಿ 316ಎಲ್ ಸ್ಟೀಲ್ ಅಂತಿದೆ, ಅದು ಒಂದು ಬಗೆಯ ಸ್ಟೇನ್‌ಲೆಸ್ ಸ್ಟೀಲ್. ನಾನು ಮೆಕ್ಯಾನಿಕಲ್ ಡಿಪ್ಲೊಮಾ ಮಾಡಿದವನು, ಲೋಹದ ವಿಷಯ ಅಷ್ಟಿಷ್ಟು ಗೊತ್ತು, ಮೈಯೊಳಗಿನದು ಗೊತ್ತಿಲ್ಲ. ಸ್ಟೇನ್‌ಲೆಸ್ ಅಂದರೆ ತುಕ್ಕೇ ಹಿಡಿಯಲ್ಲ ಅಂತಲ್ಲ, ಅಲ್ವಾ? ಕ್ರೋಮಿಯಂ ಆಕ್ಸೈಡಿನ ತೆಳು ಪದರ ಅದನ್ನು ಕಾಯುತ್ತದೆ. ಆದರೆ ಮೈಯೊಳಗಿನ ನೀರೆಲ್ಲ ಉಪ್ಪು, ಸ್ಕ್ರೂ ತಲೆ ಪ್ಲೇಟಿಗೆ ಕೂರುವ ಸಂದಿಯಲ್ಲಿ ಉಜ್ಜಿ ಉಜ್ಜಿ ಆ ಪದರ ಹೋದರೆ ಅಲ್ಲೇ ತುಕ್ಕು ಶುರುವಾಗಿ ನಿಕ್ಕಲ್ ಸುತ್ತಲಿನ ಮಾಂಸಕ್ಕೆ ಸೇರಬಹುದು. ಈ ಸ್ಟೀಲಿನಲ್ಲಿ ನಿಕ್ಕಲ್ ಸುಮಾರು ಶೇ. 13ರಿಂದ 15. ಅಮ್ಮನಿಗೆ ನಿಕ್ಕಲ್ ಬೆರೆತಿರಬಹುದಾದ ಗಿಲೀಟು ಓಲೆ ಹಾಕಿದರೆ ಮೊದಲಿಂದಲೂ ಕಿವಿ ಹಾಲೆ ಕೆಂಪಾಗಿ ತುರಿಸುತ್ತದೆ. ಆಪರೇಷನ್ ಮಾಡುವಾಗ ಅಲರ್ಜಿ ಇದೆಯಾ ಅಂತ ಯಾರೂ ಕೇಳಲಿಲ್ಲ, ನಮಗೂ ಹೇಳೋಣ ಅಂತ ಹೊಳೆಯಲಿಲ್ಲ.

ನಿಕ್ಕಲ್ ಅಲರ್ಜಿಗೆ ಬೆನ್ನಿನ ಮೇಲೆ ಪಟ್ಟಿ ಅಂಟಿಸಿ ನೋಡುವ ಪ್ಯಾಚ್ ಟೆಸ್ಟ್ ಮೈಸೂರಿನಲ್ಲಿ ಎಲ್ಲಿ ಮಾಡುತ್ತಾರೆ? ಹೀಗೇ ಆಗಿ ಪ್ಲೇಟ್ ತೆಗೆಸಿದವರು ಇದ್ದೀರಾ, ತೆಗೆಸಿದ ಮೇಲೆ ತುರಿಕೆ ನಿಂತಿತಾ? ಸುಮ್ನೆ ಇನ್ನೊಂದು ಸಲ ಕಾಲು ಕೊಯ್ಯಿಸೋಕೆ ಮನಸ್ಸಿಲ್ಲ. ಮೂಳೆ ಅಥವಾ ಚರ್ಮದ ಡಾಕ್ಟರ್ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ, ಎಕ್ಸ್‌ರೇ ಕಳಿಸುತ್ತೇನೆ.