ಸೆನ್ಸರ್ ಲೈಟ್ ಹತ್ತುತ್ತದೆ, ಪಿಎಲ್‌ಸಿಗೆ ಸಿಗ್ನಲ್ ಬರಲ್ಲ: ಎಂ18 ಪ್ರಾಕ್ಸಿಮಿಟಿ ಸೆನ್ಸರ್

ಬ್ಯಾಡಗಿ ಪ್ಯಾಕಿಂಗ್:
ನಮಸ್ಕಾರ. ಬ್ಯಾಡಗಿಯಲ್ಲಿ ನಮ್ಮದು ಮೆಣಸಿನಪುಡಿ ಪ್ಯಾಕಿಂಗ್ ಯೂನಿಟ್. ಪೌಚ್ ಎಣಿಸುವ ಪ್ರಾಕ್ಸಿಮಿಟಿ ಸೆನ್ಸರ್ (ಲೋಹ ಹತ್ತಿರ ಬಂದರೆ ಮುಟ್ಟದೆಯೇ ಗುರುತಿಸುವುದು) ಕೆಟ್ಟಿತು. ಅದೇ ಸೈಜಿನದು ಅಂತ ಹುಬ್ಬಳ್ಳಿಯಿಂದ ಹೊಸದು ತರಿಸಿದೆವು. ಎಂ18 (18 ಮಿ.ಮೀ. ಥ್ರೆಡ್), ಮೂರು ವೈರ್, 10ರಿಂದ 30 ವೋಲ್ಟ್ ಡಿಸಿ, ಫ್ಲಶ್ ಟೈಪ್, ಓದುವ ದೂರ 5 ಮಿ.ಮೀ. ಕಂದು ವೈರ್ ಪ್ಲಸ್ 24ಕ್ಕೆ, ನೀಲಿ ಮೈನಸ್‌ಗೆ, ಕಪ್ಪು ಪಿಎಲ್‌ಸಿ (ಮಷಿನ್ ನಡೆಸುವ ಕಂಟ್ರೋಲರ್) ಇನ್‌ಪುಟ್‌ಗೆ ಕೊಟ್ಟಿದ್ದೇನೆ. ಸ್ಕ್ರೂಡ್ರೈವರ್ ಹಿಡಿದರೆ ಲೈಟ್ ಹತ್ತುತ್ತದೆ, ಪಿಎಲ್‌ಸಿಯಲ್ಲಿ ಮಾತ್ರ ಏನೂ ಬರಲ್ಲ. ಕಪ್ಪು-ನೀಲಿ ನಡುವೆ ಮೀಟರ್ ಇಟ್ಟರೆ ಲೋಹ ಇದ್ದರೂ 24, ತೆಗೆದರೂ 24. ಒಳಗೆ ಶಾರ್ಟ್ ಆಗಿದೆಯಾ? ಪಿಎಲ್‌ಸಿ ಮಿತ್ಸುಬಿಷಿ ಎಫ್‌ಎಕ್ಸ್3ಯು.

ಹುಬ್ಬಳ್ಳಿ ಪ್ಯಾನೆಲ್:
ಮೊದಲು ಒಂದು ಮಾತು. ಮಷಿನ್ ಆಟೋದಲ್ಲಿ ಇರುವಾಗ ಸೆನ್ಸರ್ ಮುಂದೆ ಸ್ಕ್ರೂಡ್ರೈವರ್ ಹಿಡಿಯಬೇಡಿ. ಪಿಎಲ್‌ಸಿ ಅದನ್ನು ನಿಜವಾದ ಸಿಗ್ನಲ್ ಅಂತಲೇ ತಿಳಿಯುತ್ತದೆ. ಸೀಲಿಂಗ್ ಜಾ (ಪೌಚ್ ಅಂಟಿಸುವ ಬಿಸಿ ದವಡೆ) ಒಮ್ಮೆಲೇ ಮುಚ್ಚಿಕೊಂಡರೆ ಬೆರಳು ಹೋಗುತ್ತದೆ. ಗಾಳಿ ವಾಲ್ವ್ ಮುಚ್ಚಿ, ಲೈನಿನಲ್ಲಿ ಉಳಿದ ಗಾಳಿಯನ್ನೂ ಬಿಟ್ಟು, ಮೋಟರ್ ಎಂಸಿಬಿ ಇಳಿಸಿ, ಆಮೇಲೆ 24 ವೋಲ್ಟ್ ಮಾತ್ರ ಇಟ್ಟುಕೊಂಡು ಟೆಸ್ಟ್ ಮಾಡಿ. ವೈರ್ ಬಿಚ್ಚುವಾಗ ಮೇನ್ ಸ್ವಿಚ್ಚೇ ಆಫ್ ಮಾಡಿ ಬೀಗ ಹಾಕಿ. ಸೆನ್ಸರ್ 24 ವೋಲ್ಟಿನದು ನಿಜ, ಆದರೆ ಅದೇ ಪ್ಯಾನೆಲ್‌ನಲ್ಲಿ ಹೀಟರಿನ 230 ಇರುತ್ತದೆ ಅಲ್ವಾ?

ಈಗ ವಿಷಯಕ್ಕೆ. ನಿಮ್ಮ ಸೆನ್ಸರ್ ಕೆಟ್ಟಿಲ್ಲ ಅನಿಸುತ್ತದೆ. ಹಳೆಯದು ಎನ್‌ಪಿಎನ್, ಹೊಸದು ಪಿಎನ್‌ಪಿ ಇರಬೇಕು. ಬಾಡಿ ಮೇಲಿನ ಬರಹ ನೋಡಿ. ವೈರ್ ಬಣ್ಣ ಎರಡಕ್ಕೂ ಒಂದೇ, ಎಂ18 ಅಂತ ಮಾತ್ರ ಹೇಳಿದರೆ ಅಂಗಡಿಯಲ್ಲಿ ಯಾವುದೂ ಸಿಗಬಹುದು. ಎನ್‌ಪಿಎನ್ ಕಪ್ಪು ವೈರನ್ನು ಮೈನಸ್‌ಗೆ ಎಳೆಯುತ್ತದೆ, ಪಿಎನ್‌ಪಿ ಪ್ಲಸ್ ಕೊಡುತ್ತದೆ. ಎಫ್‌ಎಕ್ಸ್3ಯುನಲ್ಲಿ ಎಸ್/ಎಸ್ ಟರ್ಮಿನಲ್‌ಗೆ (ಇನ್‌ಪುಟ್‌ಗಳ ಕಾಮನ್) 24 ಕೊಟ್ಟಿದ್ದರೆ ಅದು ಎನ್‌ಪಿಎನ್ ವೈರಿಂಗ್. ಅಲ್ಲಿಗೆ ಪಿಎನ್‌ಪಿ ಹಾಕಿದರೆ ಇನ್‌ಪುಟ್‌ನ ಎರಡೂ ಕಡೆ 24 ಆಗುತ್ತದೆ, ಕರೆಂಟ್ ಹರಿಯಲ್ಲ. ಲೋಹ ಇಲ್ಲದಾಗಲೂ ಮೀಟರ್ 24 ತೋರಿಸುವುದು ಸೆನ್ಸರಿನಿಂದ ಅಲ್ಲ, ಎಸ್/ಎಸ್‌ನಿಂದ ಇನ್‌ಪುಟ್ ಮೂಲಕ ಬರುವ 24 ಅದು.

ಖಾತ್ರಿ ಮಾಡಿಕೊಳ್ಳಲು ಕಪ್ಪು ವೈರನ್ನು ಪಿಎಲ್‌ಸಿಯಿಂದ ಬಿಚ್ಚಿ, ಕಪ್ಪು-ನೀಲಿ ನಡುವೆ 4.7 ಕಿಲೋ ಓಮ್ ರೆಸಿಸ್ಟರ್ ಹಾಕಿ ಅಳೆಯಿರಿ. ಲೋಹ ಬಂದಾಗ 24ರ ಹತ್ತಿರ, ಇಲ್ಲದಾಗ ಸೊನ್ನೆ ಬಂದರೆ ಅದು ಪಿಎನ್‌ಪಿ, ಆರೋಗ್ಯವಾಗಿದೆ. ರೆಸಿಸ್ಟರ್ ಇಲ್ಲದೆ ಸುಮ್ನೆ ಮೀಟರ್ ಇಟ್ಟರೆ ತೇಲುವ ವೋಲ್ಟೇಜ್ ಕಂಡು ಮೋಸ ಹೋಗುತ್ತೀರಿ.

ಬ್ಯಾಡಗಿ ಪ್ಯಾಕಿಂಗ್:
ಪಿಎನ್‌ಪಿ ಅಂತಲೇ ಬರೆದಿದೆ. ನೀವು ಹೇಳಿದ ಹಾಗೆಯೇ ಓದುತ್ತಿದೆ. ಎಸ್/ಎಸ್‌ಗೆ 24 ಇದೆ. ಅದನ್ನು ಸೊನ್ನೆಗೆ ಬದಲಿಸಿದರೆ ಸಾಕಾ?

ಹುಬ್ಬಳ್ಳಿ ಪ್ಯಾನೆಲ್:
ಬೇಡ. ಆ ಕಾಮನ್ ಎಲ್ಲ ಇನ್‌ಪುಟ್‌ಗಳಿಗೂ ಒಂದೇ. ಈ ಸೆನ್ಸರ್ ಓಡುತ್ತದೆ, ಉಳಿದ ಎನ್‌ಪಿಎನ್ ಸೆನ್ಸರ್, ಬಟನ್ ಎಲ್ಲ ಸತ್ತುಹೋಗುತ್ತವೆ. ಎನ್‌ಪಿಎನ್ ತರಿಸಿಕೊಳ್ಳಿ. ನಾರ್ಮಲಿ ಓಪನ್ (ಲೋಹ ಬಂದಾಗ ಆನ್) ಬೇಕೋ ಕ್ಲೋಸ್ (ಲೋಹ ಬಂದಾಗ ಆಫ್) ಬೇಕೋ ಎಂಬುದನ್ನೂ ಹಳೆಯದರ ನಂಬರ್ ನೋಡಿಯೇ ಹೇಳಿ. ಅದು ಬರುವವರೆಗೆ 24 ವೋಲ್ಟ್ ರಿಲೇ ಒಂದನ್ನು ನಡುವೆ ಹಾಕಬಹುದು. ಕಪ್ಪು ವೈರ್ ಕಾಯಿಲ್‌ಗೆ, ಕಾಯಿಲ್‌ನ ಇನ್ನೊಂದು ತುದಿ ಮೈನಸ್‌ಗೆ, ರಿಲೇ ಕಾಂಟ್ಯಾಕ್ಟ್ ಇನ್‌ಪುಟ್ ಮತ್ತು ಮೈನಸ್ ನಡುವೆ. ಕಾಯಿಲ್‌ಗೆ ಅಡ್ಡಲಾಗಿ 1ಎನ್4007 ಡಯೋಡ್ ಬೇಕೇ ಬೇಕು, ಬಿಳಿ ಪಟ್ಟಿ ಪ್ಲಸ್ ಕಡೆಗೆ, ಅಂದರೆ ಕಪ್ಪು ವೈರ್ ಬರುವ ತುದಿಗೆ. ಇಲ್ಲದಿದ್ದರೆ ಕಾಯಿಲ್ ಆಫ್ ಆಗುವಾಗಿನ ವೋಲ್ಟೇಜ್ ಸೆನ್ಸರ್ ಔಟ್‌ಪುಟ್ ಅನ್ನು ಸುಡಬಹುದು.

ಬ್ಯಾಡಗಿ ಪ್ಯಾಕಿಂಗ್:
ರಿಲೇ ಹಾಕಿದೆ, ಸಿಗ್ನಲ್ ಬಂತು! ತುಂಬಾ ಉಪಕಾರ ಆಯ್ತು. ಆದರೆ ಈಗ ಎಣಿಕೆ ಒಮ್ಮೊಮ್ಮೆ ತಪ್ಪುತ್ತದೆ. ಸೆನ್ಸರ್ ಓದುವುದು ಶಾಫ್ಟ್ ಮೇಲಿನ ಸ್ಟೇನ್‌ಲೆಸ್ ಎಂ8 ಬೋಲ್ಟ್ ತಲೆಯನ್ನು. ಅಂತರ ಸುಮಾರು 4 ಮಿ.ಮೀ.

ಗದಗ ಮೇಂಟೆನೆನ್ಸ್:
ಅಂತರ ಜಾಸ್ತಿ ಆಯಿತು. ಲೇಬಲ್ ಮೇಲಿನ 5 ಮಿ.ಮೀ. ಅಂದರೆ 18 ಮಿ.ಮೀ. ಚೌಕದ, 1 ಮಿ.ಮೀ. ದಪ್ಪದ ಮೈಲ್ಡ್ ಸ್ಟೀಲ್ ತಗಡಿಗೆ ಸಿಗುವ ದೂರ. ಬಿಸಿ, ವೋಲ್ಟೇಜ್ ಏರಿಳಿತ ಎಲ್ಲ ಲೆಕ್ಕ ಹಾಕಿದರೆ ನಂಬಬಹುದಾದದ್ದು ಅದರ 81 ಶೇಕಡಾ, ಅಂದರೆ 4 ಮಿ.ಮೀ. ಸ್ಟೇನ್‌ಲೆಸ್ ಆದರೆ ಅದೂ ಸುಮಾರು 0.7ರಷ್ಟಕ್ಕೆ ಇಳಿಯುತ್ತದೆ. ಎಂ8 ಬೋಲ್ಟ್ ತಲೆ 13 ಮಿ.ಮೀ. ಅಗಲ ಅಷ್ಟೇ, ಹಾಗಾಗಿ ಇನ್ನೂ ಕಡಿಮೆ. ಶಾಫ್ಟ್ ಸ್ವಲ್ಪ ಅಲುಗಿದರೂ ಸಿಗ್ನಲ್ ತಪ್ಪುತ್ತದೆ. 20 ಮಿ.ಮೀ. ಮೈಲ್ಡ್ ಸ್ಟೀಲ್ ಪಟ್ಟಿ ಒಂದನ್ನು ಶಾಫ್ಟ್‌ಗೆ ಬಿಗಿಯಾಗಿ ಕೂರಿಸಿ, ಅಂತರ 2ರಿಂದ 3 ಮಿ.ಮೀ. ಇಡಿ. ಪಟ್ಟಿ ಸೆನ್ಸರ್ ಮುಖಕ್ಕೆ ಅಡ್ಡಲಾಗಿ ಹಾದು ಹೋಗಬೇಕು, ಎದುರಿನಿಂದ ಬಂದು ಗುದ್ದಬಾರದು. ನಟ್ ಬಿಗಿ ಮಾಡುವಾಗ ಡೇಟಾಶೀಟ್ ಟಾರ್ಕ್ ಮೀರಬೇಡಿ, ಹಿತ್ತಾಳೆ ಬಾಡಿ ಥ್ರೆಡ್ ಬೇಗ ಹಾಳಾಗುತ್ತದೆ.

ಮೋಟರಿಗೆ ವಿಎಫ್‌ಡಿ (ವೇಗ ಬದಲಿಸುವ ಡ್ರೈವ್) ಇದ್ದರೆ ಅದರ ಕೇಬಲ್ ಜೊತೆ ಸೆನ್ಸರ್ ವೈರ್ ಒಂದೇ ಟ್ರೇಯಲ್ಲಿ ಬೇಡ. 20-30 ಸೆಂ.ಮೀ. ದೂರ ಇಡಿ, ದಾಟಲೇಬೇಕಾದರೆ ನೇರ ಅಡ್ಡಕ್ಕೆ ದಾಟಿಸಿ. ಮೆಣಸಿನಪುಡಿ ಮೆತ್ತಿಕೊಂಡರೆ ಈ ಸೆನ್ಸರ್‌ಗೆ ಏನೂ ಆಗಲ್ಲ, ಅದಕ್ಕೆ ಲೋಹ ಮಾತ್ರ ಕಾಣುವುದು.

ಬ್ಯಾಡಗಿ ಪ್ಯಾಕಿಂಗ್:
ವಿಎಫ್‌ಡಿ ಇದೆ, ವೈರ್ ಜೊತೆಗೇ ಹೋಗಿದೆ. ಇವತ್ತೇ ಬೇರೆ ಮಾಡುತ್ತೇನೆ. ಇನ್ನೊಂದು ಪ್ರಶ್ನೆ. ಎನ್‌ಪಿಎನ್ ಬಂದ ಮೇಲೆ ಈ ಪಿಎನ್‌ಪಿ ಉಳಿಯುತ್ತದೆ. ಸೀಲಿಂಗ್ ಜಾ ಬಾಗಿಲಿಗೆ ಹಾಕಿ, ತೆಗೆದರೆ ಮಷಿನ್ ನಿಲ್ಲುವ ಹಾಗೆ ಮಾಡಲಾ?

ಹುಬ್ಬಳ್ಳಿ ಪ್ಯಾನೆಲ್:
ದಯವಿಟ್ಟು ಮಾಡಬೇಡಿ. ನಿಮ್ಮ ಯೋಚನೆ ಒಳ್ಳೆಯದು, ಬಾಗಿಲಿಗೆ ರಕ್ಷಣೆ ಬೇಕೇ ಬೇಕು, ಆದರೆ ಇದರಿಂದ ಅಲ್ಲ. ಸಾಮಾನ್ಯ ಸೆನ್ಸರ್ ಔಟ್‌ಪುಟ್ ಒಳಗೇ ಶಾರ್ಟ್ ಆದರೆ ಬಾಗಿಲು ತೆರೆದಿದ್ದರೂ "ಮುಚ್ಚಿದೆ" ಅಂತಲೇ ಹೇಳುತ್ತಾ ಇರುತ್ತದೆ. ಯಾರಿಗೂ ಗೊತ್ತಾಗಲ್ಲ. ಅವಸರದಲ್ಲಿ ಯಾರೋ ಒಬ್ಬರು ಅದರ ಮುಂದೆ ಒಂದು ವಾಷರ್ ಅಂಟಿಸಿದರೂ ಮುಗಿಯಿತು. ಬಾಗಿಲಿಗೆ ಸೇಫ್ಟಿ ಇಂಟರ್‌ಲಾಕ್ ಸ್ವಿಚ್ ಅಥವಾ ಕೋಡೆಡ್ ಮ್ಯಾಗ್ನೆಟಿಕ್ ಸೆನ್ಸರ್ (ತನ್ನ ಜೋಡಿ ಮ್ಯಾಗ್ನೆಟ್‌ಗೆ ಮಾತ್ರ ಸ್ಪಂದಿಸುವುದು) ಹಾಕಿ, ಎರಡು ಚಾನೆಲ್‌ನಲ್ಲಿ, ಅಂದರೆ ಎರಡು ಬೇರೆ ಬೇರೆ ಸರ್ಕ್ಯೂಟ್‌ನಲ್ಲಿ ಸೇಫ್ಟಿ ರಿಲೇಗೆ ತನ್ನಿ. ಆ ರಿಲೇ ಮೋಟರ್ ಕಾಂಟ್ಯಾಕ್ಟರ್ ಜೊತೆಗೆ ಜಾಗೆ ಹೋಗುವ ಗಾಳಿಯನ್ನೂ ಕಡಿಯಬೇಕು. ಪಿಎಲ್‌ಸಿ ಪ್ರೋಗ್ರಾಂ ಮೇಲೆ ಬಿಡಬಾರದು. ಇದರ ನಿಯಮಗಳು ಮಷಿನ್ ಸುರಕ್ಷತೆಯ ಅಂತಾರಾಷ್ಟ್ರೀಯ ಮಾನದಂಡಗಳಾದ ಐಎಸ್‌ಒ 14119 ಮತ್ತು 13849-1ರಲ್ಲಿ ಇವೆ. ಖರ್ಚು ಜಾಸ್ತಿ, ಗೊತ್ತು. ಆದರೂ ಆ ಜಾದ ಹತ್ತಿರ ದಿನವಿಡೀ ಕೈ ಇಡುವವರು ನಿಮ್ಮ ಕೆಲಸದವರು.

ಮಷಿನ್ ಮಾಡೆಲ್ ಮತ್ತು ಪ್ಯಾನೆಲ್ ಒಳಗಿನ ಫೋಟೋ ಹಾಕಿ. ಗಾಳಿ ಕಡಿಯುವ ವಾಲ್ವ್ ಎಲ್ಲಿ ಕೂರಿಸಬಹುದು ಅಂತ ನೋಡಿ ಸ್ಕೆಚ್ ಬರೆದು ಕೊಡುತ್ತೇನೆ.