ಬರೀ ‘ಚುಕ್ತಾ’ ಅಂತ ಬರೆದರೆ ಕಂತು ತೀರಿತು ಅಂತಲೋ, ಸಾಲ ತೀರಿತು ಅಂತಲೋ?

ನಮಸ್ಕಾರ. ಒಂದು ಪದದ ಬಗ್ಗೆ ನಿಮ್ಮನ್ನೆಲ್ಲ ಕೇಳಬೇಕಿತ್ತು.

ನಮ್ಮದು ಬಾಗೇಪಲ್ಲಿ ಹತ್ತಿರದ ಹಳ್ಳಿ. ಚಿಕ್ಕಪ್ಪ ಹಸು ಕೊಳ್ಳಲು ಒಂದು ಪತ್ತಿನ ಸಹಕಾರ ಸಂಘದಲ್ಲಿ ಸಾಲ ಮಾಡಿದ್ದರು. ಪೂರ್ತಿ ತೀರಿಸಿದ್ದಾರೆ. ಈಗ ಅಸಲು ಬಾಕಿ ಇದೆ, ಸುಸ್ತಿ ಬಡ್ಡಿಯೂ ಸೇರಿದೆ ಅಂತ ನೋಟಿಸ್ ಬಂದಿದೆ. ರಸೀದಿಗಳು ಉಳಿದಿಲ್ಲ. ಕೈಯಲ್ಲಿರುವುದು ಪಾಸ್‌ಬುಕ್ ಒಂದೇ.

ಅದರ ಸಾಲದ ಪುಟದಲ್ಲಿ ಹತ್ತು ಸಲ ಕಟ್ಟಿದ ಹಣದ ಮುಂದೆ ‘ಜಮಾ’ ಅಂತಿದೆ. ಹನ್ನೊಂದನೆಯದರ ಮುಂದೆ ಮಾತ್ರ ‘ಚುಕ್ತಾ’. ಅದೇ ನೀಲಿ ಶಾಯಿ, ಅದೇ ಗುಂಡು ಅಕ್ಷರ. ಕೆಳಗೆ ಎರಡು ಅಡ್ಡಗೆರೆ ಎಳೆದಿದ್ದಾರೆ. ಬಾಕಿ ಕಾಲಂ ಖಾಲಿ ಬಿಟ್ಟಿದ್ದಾರೆ, ತೊಂದರೆ ಆಗಿರುವುದೇ ಅಲ್ಲಿ. ಆ ತಿಂಗಳ ಕಂತು ಚುಕ್ತಾ ಅಂತ ಅರ್ಥ, ಸಾಲ ಚುಕ್ತಾ ಅಂತಲ್ಲ ಅನ್ನುತ್ತಾರೆ ಸಂಘದವರು.

ನನಗೆ ಇದು ಒಪ್ಪಿಗೆಯಾಗುತ್ತಿಲ್ಲ. ‘ಜಮಾ’ ಅರಬ್ಬಿಯಿಂದ ಬಂದ ಪದ, ಕೂಡಿದ್ದು ಅಂತ. ದುಡ್ಡು ಬಂತು ಅನ್ನುವುದನ್ನಷ್ಟೇ ಅದು ಹೇಳುತ್ತದೆ. ‘ಚುಕ್ತಾ’ ಹಿಂದಿಯ ‘ಚುಕ್‌ನಾ’ ಕಡೆಯದು, ಮುಗಿಯುವುದು ಅಂತ. ಸಾಲ ತೀರಿದ್ದಕ್ಕೆ ಹೇಳುವ ಇನ್ನೊಂದು ಪದ ‘ಬೇಬಾಕಿ’ ಅಂತೂ ಬೇನಾಮಿ ಇದ್ದ ಹಾಗೆ, ‘ಬೇ’ ಅಂದರೆ ಇಲ್ಲದ, ಬಾಕಿಯೇ ಇಲ್ಲದ್ದು. ಇವೆರಡೂ ಋಣದ ಮಾತು. ಹತ್ತು ಸಲ ‘ಜಮಾ’ ಬರೆದ ಕೈ ಹನ್ನೊಂದನೇ ಸಲ ಸುಮ್ನೆ ಪದ ಬದಲಿಸುತ್ತದಾ?

ಹಾಗಂತ ಸಂಘದವರ ಮಾತನ್ನು ಪೂರ್ತಿ ತಳ್ಳಿಹಾಕಲೂ ಆಗಲ್ಲ. ‘ಬಡ್ಡಿ ಚುಕ್ತಾ ಮಾಡಿದೆ, ಅಸಲು ಉಳಿದಿದೆ’ ಅಂತ ನಾವೇ ಹೇಳುತ್ತೇವೆ ಅಲ್ವಾ? ಆದರೆ ಅಲ್ಲಿ ಯಾವುದು ತೀರಿತು ಅಂತ ಹೆಸರಿಟ್ಟು ಹೇಳುತ್ತೇವೆ. ಹೆಸರಿಲ್ಲದೆ ಬರೀ ‘ಚುಕ್ತಾ’ ಅಂದರೆ ಇಡೀ ಲೆಕ್ಕವೇ ಮುಗಿಯಿತು ಅಂತ ನನ್ನ ಕಿವಿಗೆ ಕೇಳುತ್ತದೆ. ಕಂತಿಗಾದರೆ ‘ಕಟ್ಟಿದೆ’ ಅನ್ನುವುದೇ ರೂಢಿ.

ನಮ್ಮ ಕಡೆ ತೆಲುಗು ಜಾಸ್ತಿ. ನೋಟಿಸ್ ನೋಡಿದ ಅಜ್ಜಿ ಮೊದಲು ಕೇಳಿದ್ದು, ‘ಚೆಲ್ಲು ಚೀಟಿ ತಗೊಂಡಿಲ್ವೇನೋ?’ ಅಂತ. ಸಾಲ ತೀರಿತು ಅಂತ ಬರೆದುಕೊಡುವ ಚೀಟಿ ಅದು. ತೆಲುಗಿನ ‘ಚೆಲ್ಲು’, ನಮ್ಮ ‘ಸಲ್ಲು’ ಒಂದೇ ಬೇರಿನವು. ‘ಸಲ್ಲಬೇಕಾದ್ದು ಸಂದಿದೆ’ ಅನ್ನುವಾಗಿನ ಸಲ್ಲು. ಇಂಥ ಚೀಟಿ ಒಂದಿದ್ದಿದ್ದರೆ ಇಷ್ಟೆಲ್ಲ ಬೇಕಿರಲಿಲ್ಲ. ಹಿಂದೆ ಕೈಸಾಲಕ್ಕೂ ಪ್ರೋನೋಟಿನ ಬೆನ್ನಿಗೆ ‘ಇಷ್ಟು ಸಂದಿದೆ’ ಅಂತ ಷರಾ ಬರೆಸುತ್ತಿದ್ದರು. ಪೂರ್ತಿ ತೀರಿದ ಮೇಲೆ ನೋಟನ್ನೇ ಹರಿದು ಕೈಗೆ ಕೊಡುತ್ತಿದ್ದರು.

ವಿಷಯ ಈಗ 1959ರ ಸಹಕಾರ ಸಂಘಗಳ ಕಾಯ್ದೆಯ 70ನೇ ಕಲಮಿನಡಿ ದಾವೆಯಾಗಿದೆ. ಸಾಲ ಪಡೆದದ್ದನ್ನು ನಾವು ಒಪ್ಪಿದ್ದೇವೆ. ತೀರಿಸಿದ್ದೇವೆ ಅನ್ನುವವರೂ ನಾವೇ ಆದ್ದರಿಂದ ಅದನ್ನು ತೋರಿಸುವ ಹೊಣೆ ನಮ್ಮದು. ಆ ದಿನದ ನಗದು ಪುಸ್ತಕ, ಸಾಲದ ಲೆಡ್ಜರು ಎರಡರ ದೃಢೀಕೃತ ನಕಲು ಕೇಳಿದ್ದೇವೆ. ಅವು ಬರುವವರೆಗೆ ಈ ಒಂದು ಪದವೇ ನಮಗೆ ಆಸರೆ.

ನಿಮ್ಮಲ್ಲಿ ಯಾರ ಮನೆಯಲ್ಲಾದರೂ ಸಂಘದ ಹಳೆಯ ಪಾಸ್‌ಬುಕ್ಕೋ ರಸೀದಿಯೋ ಇದ್ದರೆ ದಯವಿಟ್ಟು ನೋಡಿ. ಬರೀ ಕಂತಿನ ಮುಂದೆ ‘ಚುಕ್ತಾ’ ಬರೆದದ್ದು ಎಲ್ಲಾದರೂ ಇದೆಯಾ? ಕೋಲಾರ, ತುಮಕೂರು ಕಡೆಯ ಗುಮಾಸ್ತರು ಕೊನೆಯ ಕಂತಿಗೆ ಏನು ಬರೆಯುತ್ತಿದ್ದರು? ನಮಗೆ ವಿರುದ್ಧವಾಗಿದ್ದರೂ ಕಳಿಸಿ, ವಿಚಾರಣೆಗೆ ಮುಂಚೆ ಗೊತ್ತಾಗುವುದೇ ಒಳ್ಳೆಯದು. ಹೆಸರು, ಖಾತೆ ನಂಬರು ಮುಚ್ಚಿ. ಆ ಒಂದು ಸಾಲು, ಅದರ ಮೇಲಿನ ಎರಡು ಸಾಲು ಕಂಡರೆ ಸಾಕು.